ಹಿಮ ಹೇಳಿ ಹೋದ ವರ್ಷ

ಲೋಕ ಆಗ ಹೊಸದಾಗಿ ಮೆತ್ತಿದ ಗೋಡೆಯ ಹಾಗೆ ಇನ್ನೂ ಹಸಿ ಹಸಿಯಾಗಿತ್ತು. ಬೆಟ್ಟವನ್ನು ಮುಟ್ಟಿದರೂ ಬೆರಳಿನ ಗುರುತು ಮೂಡುತ್ತಿತ್ತು. ಜಪಾನಿಗೆ ಜಪಾನ್ ಎಂಬ ಹೆಸರೂ ಬಿದ್ದಿರಲಿಲ್ಲ. ಆದರೆ ಅದರ ಉತ್ತರ ಭಾಗದಲ್ಲಿ ಒಂದು ದೊಡ್ಡ ಬೆಟ್ಟವಿತ್ತು, ಬೆಟ್ಟದ ಬುಡದಲ್ಲಿ ಒಂದು ಪುಟ್ಟ ಊರಿತ್ತು, ಆ ಊರಲ್ಲಿ ಕಿನು ಎಂಬ ಅಜ್ಜಿ ಭತ್ತ ಬೆಳೆದುಕೊಂಡಿದ್ದಳು.

ಕಾಲಗಳೆಲ್ಲ ಆಗ ನೆಂಟರ ಹಾಗೆ ಊರಿಗೆ ಬಂದು ಹೋಗುತ್ತಿದ್ದವು. ವಸಂತ ಬಂದರೆ ಚೆರ್ರಿ ಮರದ ಕೆಳಗೆ ಚಾಪೆ ಹಾಸಿ, ಅಕ್ಕಿಯ ಉಂಡೆ ಕೊಟ್ಟು ಕೂರಿಸುತ್ತಿದ್ದರು. ಮಳೆಗೆ ಎಳೆ ಸೌತೆಕಾಯಿ. ಎಲೆ ಕೆಂಪಾಗುವ ಕಾಲ ಬಂದರಂತೂ ಮನೆಮನೆಯಲ್ಲೂ ಹಬ್ಬ. ಹೊರಡುವಾಗ ಅವು "ಹೋಗಿ ಬರ್ತೀನಿ" ಎನ್ನುತ್ತಿದ್ದವು, ಜನ ಬಾಗಿಲ ತನಕ ಬಂದು "ಹೋಗಿ ಬಾ" ಎನ್ನುತ್ತಿದ್ದರು. ಈ ವಿಷಯದಲ್ಲಿ ಆ ಊರೂ ನಮ್ಮೂರೂ ಒಂದೇ. ಬರೀ "ಹೋಗ್ತೀನಿ" ಎಂದರೆ ಅಲ್ಲಿನ ಅಜ್ಜಿಯರೂ "ಬಿಡ್ತು ಅನ್ನು" ಎಂದು ಗದರುತ್ತಾರೆ.

ಹಿಮಕ್ಕೆ ಮಾತ್ರ ಈ ಉಪಚಾರ ಇರಲಿಲ್ಲ. ಅದು ಬಂದ ಕೂಡಲೇ ಬಾಗಿಲುಗಳು ಮುಚ್ಚುತ್ತಿದ್ದವು. ಪಾಪ, ಸೂರಿನ ಮೇಲೆ ಕೂತರೆ ಸಲಿಕೆ ತಂದು ಕೆಳಕ್ಕೆ ತಳ್ಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಸಲಿಕೆ ಬೀಸುತ್ತಿದ್ದವಳು ಕಿನು ಅಜ್ಜಿಯೇ. ಅವಳಿಗೆ ಕೋಪ ಮೂಗಿನ ತುದಿಯಲ್ಲಿತ್ತು, ಮೂಗೂ ಕೊಂಚ ಉದ್ದವೇ ಇತ್ತು.

ಹಾಗಾಗಿ ಹಿಮ ಯಾರಿಗೂ ಹೇಳದೆ ಹೊರಟುಬಿಡುತ್ತಿತ್ತು. ಹೇಳದೆ ಹೋದ ನೆಂಟ ಹೋದನೋ, ಇಲ್ಲೇ ಎಲ್ಲೋ ಇದ್ದಾನೋ ಯಾರಿಗೆ ಗೊತ್ತು? ಒಂದು ವರ್ಷ ನೆಲ ಕಂಡಿತೆಂದು ಕಿನು ಅಜ್ಜಿ ಭತ್ತ ಬಿತ್ತಿದಳು. ಸಸಿ ಬೆರಳುದ್ದ ಬಂದಾಗ ಹಿಮ ತಿರುಗಿ ಬಂತು, ಸಸಿಗಳೆಲ್ಲ ಕಪ್ಪಾಗಿ ಸತ್ತವು. ಮರುವರ್ಷವೂ ಹಾಗೇ ಆಯಿತು. ಮೂರನೆಯ ವರ್ಷ ಇಡೀ ಊರಿನಲ್ಲಿ ಉಳಿದಿದ್ದು ಒಂದು ಬುಟ್ಟಿ ಬಿತ್ತನೆ ಭತ್ತ. ಅದೂ ಹಾಳಾದರೆ ಊರಿಗೆ ಊರೇ ಗಂಟುಮೂಟೆ ಕಟ್ಟಬೇಕಿತ್ತು.

ಎಲ್ಲರೂ ಸೇರಿ ಬುಟ್ಟಿಯನ್ನು ಕಿನು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ನದಿಯ ಹತ್ತಿರ ಹೋಗಿ ಕೇಳಿದಳು, "ತಾಯಿ, ಹಿಮ ಹೋಯ್ತಾ?"

"ನನ್ನ ಕೇಳ್ತೀಯಲ್ಲ ಅಜ್ಜಿ, ಅದು ಕರಗಿ ನನ್ನೊಳಗೆ ಬಿದ್ದ ಮೇಲೇ ನನಗೆ ಗೊತ್ತಾಗೋದು," ಎಂದಿತು ನದಿ.

ಗಾಳಿಯನ್ನು ಕೇಳಿದಳು. ಗಾಳಿ ತಡವರಿಸಿತು. "ಬೆಟ್ಟದ ಮೇಲೆ ಯಾರೋ ಕೂತಿದ್ದಾರೆ. ಯಾರು ಅಂತ ನನ್ನ ಬಾಯಲ್ಲಿ ಹೇಳಿಸಬೇಡ," ಎಂದು ಜಾರಿಕೊಂಡಿತು.

ಅಜ್ಜಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡೇ ಬೆಟ್ಟ ಹತ್ತಿದಳು. ಅರ್ಧ ದಾರಿಯಲ್ಲಿ ಹಿಮ ಮೊಣಕಾಲು ಅಪ್ಪಿಕೊಂಡು ಕೂತಿತ್ತು.

"ಏನಪ್ಪಾ, ಹೋಗೋರು ಒಂದು ಮಾತು ಹೇಳಿ ಹೋಗಬಾರದಾ?" ಎಂದಳು ಅಜ್ಜಿ.

"ಯಾರಿಗೆ ಹೇಳಲಿ? ನನ್ನ ಬಾ ಅಂದೋರು ಯಾರು?"

ಅಜ್ಜಿ ಅದರ ಪಕ್ಕದಲ್ಲಿ ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು, "ಹೋದೋನು ತಿರುಗಿ ಯಾಕೆ ಬಂದೆ? ಏನು ಮರೆತಿದ್ದೆ?"

"ಏನೂ ಮರೆತಿರಲಿಲ್ಲ. ಭತ್ತದ ಸಸಿ ಹಸಿರಾಗಿರುತ್ತೆ ಅಂತ ಗಾಳಿ ಹೇಳ್ತು. ನಾನು ಯಾವತ್ತೂ ಹಸಿರು ನೋಡಿಲ್ಲ ಅಜ್ಜಿ. ಒಂದು ಸಲ ಮುಟ್ಟಿ ನೋಡೋಣ ಅಂತ ಬಂದೆ. ಮುಟ್ಟಿದ್ದೇ ಕಪ್ಪಾಗಿ ಹೋಯ್ತು. ಹೋದ ವರ್ಷ ಒಂದೇ ಬೆರಳಲ್ಲಿ ಮುಟ್ಟಿದೆ. ಆಗಲೂ ಹಾಗೇ ಆಯ್ತು."

ಕಿನು ಅಜ್ಜಿ ಎರಡು ವರ್ಷ ಇದನ್ನು ಬೈದದ್ದೇ ಬೈದದ್ದು. ಮಡಿಲಲ್ಲಿದ್ದ ಒಂದೇ ಅನ್ನದ ಮುದ್ದೆಯನ್ನು ತೆಗೆದು ಅರ್ಧ ಮಾಡಿ ಅದರ ಮುಂದಿಟ್ಟಳು. ಹಿಮಕ್ಕೆ ಆ ಊರಿನಲ್ಲಿ ಸಿಕ್ಕ ಮೊದಲ ತುತ್ತು ಅದು.

"ಕೇಳು," ಎಂದಳು ಅಜ್ಜಿ. "ಕೆಳಗೆ ಇಳೀಬೇಡ. ಇಲ್ಲಿಂದಲೇ ನೋಡು. ನಾನು ಬಿತ್ತೋದು ಹೀಗೆ." ಅವಳು ಬೆಟ್ಟದ ಮೈಗೊರಗಿ ಬಗ್ಗಿ ನಿಂತಳು. ಸೊಂಟದಲ್ಲಿ ಬುಟ್ಟಿ, ಮುಂದಕ್ಕೆ ಚಾಚಿದ ಕೈ. "ಗದ್ದೆಯಲ್ಲಿ ಹೀಗೆ ಬಗ್ಗಿದೋಳು ಕಂಡರೆ ಅದು ನಾನೇ. ಆಮೇಲೆ ಹಸಿರು ತಾನಾಗೇ ಬರುತ್ತೆ."

ಲೋಕ ಹಸಿಯಾಗಿತ್ತಲ್ಲ, ಅವಳು ಬಗ್ಗಿ ನಿಂತ ಆಕಾರದಲ್ಲೇ ಬೆಟ್ಟದಲ್ಲಿ ದೊಡ್ಡದೊಂದು ತಗ್ಗು ಬಿತ್ತು.

"ಹೋಗಿ ಬಾ ಮಗಾ," ಎಂದಳು ಅಜ್ಜಿ.

ಹಿಮ ಮೊಣಕಾಲು ಬಿಟ್ಟು ಎದ್ದಿತು. ಆಮೇಲೆ, "ಹೋಗಿ ಬರ್ತೀನಿ," ಎಂದಿತು. ಆ ಮಾತನ್ನು ಅದು ಆಡಿದ್ದು ಅದೇ ಮೊದಲು.

ಬೆಳಗಾದಾಗ ಬೆಟ್ಟವೆಲ್ಲ ಬರಿದಾಗಿತ್ತು. ಆ ತಗ್ಗಿನಲ್ಲಿ ಮಾತ್ರ ಹಸಿರು ನೋಡಲು ಒಂದಿಷ್ಟು ಹಿಮ ಉಳಿದು, ಬೆಟ್ಟದ ಮೇಲೆ ಬೆಳ್ಳನೆಯ ಅಜ್ಜಿಯೊಬ್ಬಳು ಬಗ್ಗಿ ಬಿತ್ತುತ್ತಿದ್ದಳು. "ಹೇಳಿ ಹೋಯ್ತು. ಇನ್ನು ಬಿತ್ತಬಹುದು," ಎಂದಳು ಕಿನು ಅಜ್ಜಿ. ಕೊನೆಯ ಬುಟ್ಟಿ ಭತ್ತವೂ ಮಣ್ಣಿಗೆ ಬಿತ್ತು.

ಸಸಿ ಬೆರಳುದ್ದ ಬಂತು, ಗೇಣುದ್ದ ಬಂತು. ಒಂದೂ ಕಪ್ಪಾಗಲಿಲ್ಲ. ದಿನದಿನಕ್ಕೂ ಬೆಟ್ಟದ ಮೇಲಿನ ಅಜ್ಜಿ ಮಾತ್ರ ಸಣ್ಣಗಾಗುತ್ತ ಬಂದಳು, ಕೊನೆಗೊಂದು ದಿನ ಕಾಣಲಿಲ್ಲ. ಕಿನು ಅಜ್ಜಿಗೆ ಯಾಕೋ ಬೇಜಾರಾಯಿತು. ಬದುವಿನ ಮೇಲೆ ಕೂತಿದ್ದಾಗ ಕಾಲುವೆಯಿಂದ ನದಿಯ ದನಿ ಕೇಳಿಸಿತು.

"ಅಜ್ಜಿ, ನಿನ್ನ ನೆಂಟ ಕರಗಿ ನನ್ನ ಜೊತೆ ಬಂದಿದ್ದಾನೆ. ಈಗ ಸಸಿ ಮುಟ್ಟಬಹುದಾ ಅಂತ ಕೇಳ್ತಿದ್ದಾನೆ."

"ಮುಟ್ಟಲಿ ಬಿಡು," ಎಂದಳು ಅಜ್ಜಿ. ಅವಳ ಕಣ್ಣು ತುಂಬಿತ್ತು.

ನೀರು ಗದ್ದೆಯೊಳಗೆ ಬಂತು. ಒಂದೊಂದು ಸಸಿಯ ಬುಡಕ್ಕೂ ಹೋಗಿ, ಸುತ್ತಿ, ನಿಂತು, ಮುಂದಿನದಕ್ಕೆ ಹೋಯಿತು.

ಅದಕ್ಕೇ ಮಕ್ಕಳೇ, ಇವತ್ತಿಗೂ ವಸಂತದಲ್ಲಿ ಆ ಬೆಟ್ಟದ ಹಿಮವೆಲ್ಲ ಕರಗಿದರೂ ಬಗ್ಗಿ ಬಿತ್ತುವ ಅಜ್ಜಿಯ ಆಕಾರದಷ್ಟು ಮಾತ್ರ ಉಳಿಯುತ್ತದೆ, ಕೆಳಗಿನ ಊರಿನವರು ಅದನ್ನು ನೋಡಿ "ಹೋಗಿ ಬಾ" ಎಂದು ಹೇಳಿಯೇ ಮೊದಲ ಹಿಡಿ ಭತ್ತ ಬಿತ್ತುತ್ತಾರೆ.