ಹಿತ್ತಲಿಗೆ ಹೋದ ಘಮ

ಮಂಡ್ಯದ ಕಾಫಿಪುಡಿ ವ್ಯಾಪಾರಿ ಚನ್ನವೀರಪ್ಪನಿಗೆ ಆಳು ನಂಜುಂಡಿಯ ಮೇಲೆ ಗುಮಾನಿ. ಅಂಗಡಿ ಬಾಗಿಲಲ್ಲೇ ಕೂತು ಬೀಜ ಹುರಿಯುತ್ತಾನೆ, ಒಂದು ಪೊಟ್ಟಣವನ್ನೂ ಮಾರುವುದಿಲ್ಲ. ಹೊಗೆಯ ಮರೆಯಲ್ಲಿ ಏನೋ ಮಸಲತ್ತು ಇರಲೇಬೇಕು!

"ಮಾರುವವನು ನಾನು. ನೀನು ಹಿತ್ತಲಿಗೆ ನಡಿ," ಎಂದು ಗದರಿದ.

ನಂಜುಂಡಿ ಒಲೆ ಎತ್ತಿಕೊಂಡು ಹೋದ. ಹಿತ್ತಲ ಬಾಗಿಲನ್ನು ಮಾತ್ರ ಹಾರುಹೊಡೆದಿಟ್ಟ.

ಮಧ್ಯಾಹ್ನವಾದರೂ ಅಂಗಡಿಗೆ ಒಂದು ನೊಣವೂ ಬರಲಿಲ್ಲ. ದಾರಿಹೋಕರನ್ನು ಕೂಗಿ ಕೂಗಿ ಚನ್ನವೀರಪ್ಪನ ಗಂಟಲು ಒಣಗಿತು. ಅನುಮಾನ ಬಂದು ಹಿತ್ತಲಿಗೆ ಓಡಿದ. ಹಿಂದಿನ ಬೀದಿಯ ಪಾತ್ರೆ ಅಂಗಡಿಯಲ್ಲಿ ಜನ ಮುಗಿಬಿದ್ದು ಕಾಫಿಪುಡಿ ಕೇಳುತ್ತಿದ್ದರು!

"ಪುಡಿ ನನ್ನ ಹತ್ತಿರ ಇದೆ ಕಣ್ರಪ್ಪೋ!" ಎಂದು ಅರಚಿದ.

"ಮಾರ್ತಿದ್ದೋರು ನೀವೇ, ಧಣಿ," ಎಂದ ನಂಜುಂಡಿ. "ಬಾಯಿ ಬಿಡದೆ ಕರೀತಿದ್ದೋನು ನಾನು."

ಮರುದಿನ ಒಲೆ ಬಾಗಿಲಿಗೆ ಬಂತು. ಚನ್ನವೀರಪ್ಪನಿಗೆ ಈಗ ಗುಮಾನಿಯೆಲ್ಲ ಗಾಳಿಯ ಮೇಲೆ: ಘಮವನ್ನು ಯಾವ ಬೀದಿಗೆ ಹೊತ್ತೊಯ್ಯುತ್ತದೋ!