ಬೆಕ್ಕು ಮೆಚ್ಚಿದ ಬಂಗುಡೆ

ಬಂದರಿನ ಮೀನುಗಾರಿಕೆ ಕಚೇರಿಯ ಸಾಹೇಬರು ಗುಮಾಸ್ತನನ್ನು ಕರೆದರು. “ಮಂತ್ರಿಗಳಿಗೆ ಉಡುಗೊರೆ ಕೊಡಬೇಕು. ಜಲವರ್ಣದಲ್ಲಿ ಒಂದು ಬಂಗುಡೆ ಮೀನು ಬರಿ. ಅದರಲ್ಲಿ ಜೀವ ಇರಬೇಕು. ಇಲ್ಲದಿದ್ದರೆ ನಿನಗೆ ಬೀದರಿಗೆ ವರ್ಗ.”

ಗುಮಾಸ್ತನ ಚಿತ್ರಕಲೆ ಅಷ್ಟಕ್ಕಷ್ಟೆ. ಅವನು ಬಂಗುಡೆ ತೊಳೆದ ನೀರಿನಲ್ಲೇ ಬಣ್ಣ ಕಲಸಿದ. ಬಂದರಿನಲ್ಲಿ ಆ ವಾಸನೆ ಯಾರಿಗೂ ಹೊಸದಲ್ಲ.

ಚಿತ್ರ ನೋಡಿ ಸಾಹೇಬರು ಮುಖ ಸಿಂಡರಿಸಿದರು. “ಏನಯ್ಯಾ ಇದು, ಬದನೆಕಾಯಿಯ ಹಾಗಿದೆ!”

“ನಮಗೆಲ್ಲ ಏನು ಗೊತ್ತುಂಟು ಸಾರ್? ತಿಳಿದವರನ್ನೇ ಕೇಳುವ,” ಎಂದು ಅವನು ಚಿತ್ರವನ್ನು ನೆಲದ ಮೇಲಿಟ್ಟ.

ಕಚೇರಿಯ ಬೆಕ್ಕು ಓಡಿಬಂತು. ಮೂಸಿತು. ಬಾಲದ ಕಡೆಯಿಂದ ನೆಕ್ಕತೊಡಗಿತು.

ಸಾಹೇಬರು ಬೂಟು ಕಳಚಿ ಕೈ ಮುಗಿದರು. “ಅಬ್ಬಾ! ನಿಜವಾಗಿಯೂ ಜೀವ ಬಂದಿದೆ!”

ವರ್ಗದ ಮಾತು ಅಲ್ಲಿಗೇ ನಿಂತಿತು. ಮಂತ್ರಿಗಳ ಊರು ದೂರ. ದಾರಿಯಲ್ಲಿ ಕೆಟ್ಟುಹೋಗಬಾರದೆಂದು ಸಾಹೇಬರು ಚಿತ್ರವನ್ನು ಐಸ್ ಪೆಟ್ಟಿಗೆಯಲ್ಲಿ ಕಳಿಸಿದರು.