ಜ್ವರದ ರಜೆ

ಮಡುವಿನ ಶಾಲೆಯಲ್ಲಿ ಮರಿಗಳಿಗೆ ಮುಳುಗಿ ಮೀನು ಹಿಡಿಯುವ ಪಾಠ ನಡೆದಿತ್ತು. ಆಗಲೇ ಒಂದು ನೀರುನಾಯಿಗೆ ಸಂಸಾರ ಸಮೇತ ಜಲಪಾತ ನೋಡಿಬರುವ ಮನಸ್ಸಾಯಿತು. ರಜೆಯಲ್ಲಿ ಹೋದರೆ ಅಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ ಎಂದುಕೊಂಡ ಅದು, ಮಗನಿಗೆ ಜ್ವರವೆಂದು ಆಮೆ ಮೇಷ್ಟ್ರಿಗೆ ಹೇಳಿಕಳುಹಿಸಿ ಹೊರಟೇಬಿಟ್ಟಿತು.

ನಾಲ್ಕು ದಿನ ಕಳೆದು ಅಪ್ಪ ಮರಿಯನ್ನು ಶಾಲೆಗೆ ಕರೆತಂದಿತು. ಮರಿ ನೀರಿಗೆ ಹಾರಲು ಓಡಿತು. ಆಮೆ ಅಡ್ಡ ಬಂದಿತು.

"ನಿಲ್ಲು. ಜ್ವರ ಬಿಟ್ಟ ಮೇಲೆ ಹದಿನೈದು ದಿನ ನೀರಿಗಿಳಿಯುವಂತಿಲ್ಲ. ಆ ಬಂಡೆಯ ಮೇಲೆ ಕೂತು ನೋಡು."

"ಅಷ್ಟರಲ್ಲಿ ಪಾಠವೇ ಮುಗಿದುಹೋಗುತ್ತದಲ್ಲ, ಮೇಷ್ಟ್ರೇ!" ಎಂದಿತು ಅಪ್ಪ.

"ನಿಯಮ ಎಂದರೆ ನಿಯಮ. ಏನಪ್ಪಾ ಮರಿ, ನಿನಗೆ ಜ್ವರ ಬಂದಿತ್ತು ತಾನೆ?"

ಮರಿ ಒಮ್ಮೆ ಅಪ್ಪನ ಮುಖ ನೋಡಿತು. "ಬಂದಿತ್ತು, ಮೇಷ್ಟ್ರೇ. ತುಂಬಾ ಜ್ವರ," ಎಂದು ಹೇಳಿ, ತಲೆ ತಗ್ಗಿಸಿಕೊಂಡು ಬಂಡೆ ಹತ್ತಿತು.

ಅಪ್ಪನಿಗೆ ತಡೆಯಲಾಗಲಿಲ್ಲ. ಎಲ್ಲ ಮರಿಗಳಿಗೂ ಕೇಳುವಂತೆ ಹೇಳಿತು: "ಅವನಿಗೆ ಜ್ವರ ಬಂದಿರಲಿಲ್ಲ. ಜಲಪಾತ ನೋಡಲು ಹೋಗಿದ್ದೆವು. ಸುಳ್ಳು ಹೇಳಿದ್ದು ನಾನು, ಬಂಡೆಯ ಮೇಲೆ ಕೂರುವವನೂ ನಾನೇ. ಅವನನ್ನು ನೀರಿಗೆ ಬಿಡಿ."

"ಹದಿನೈದು ದಿನ," ಎಂದಿತು ಆಮೆ.

"ಹದಿನೈದು ದಿನ," ಎಂದು ನೀರುನಾಯಿ ಬಂಡೆ ಹತ್ತಿತು.

ಬಿಸಿಲು ಸುಡುತ್ತಿತ್ತು. ಕೆಳಗೆ ಮಗ ಮೊದಲ ಮೀನು ಹಿಡಿದಾಗಲೂ ಅದು ಇಳಿಯಲಿಲ್ಲ. ಮರಿಗಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರೆಲ್ಲ ಅದನ್ನು ದಿನವೂ ನೋಡಿದರು.

ಆ ವರ್ಷ ಮಡುವಿನ ಶಾಲೆಯಲ್ಲಿ ಮತ್ತೆ ಯಾವ ಮರಿಗೂ ಜ್ವರ ಬರಲಿಲ್ಲ.